ಲ್ಯಾಪ್‌ಟಾಪಿನ ಪ್ರೊಸೆಸರನ್ನು ಬದಲಾಯಿಸಬಹುದೆ?

ನಮ್ಮ ವಿದ್ಯಾರ್ಥಿನಿಲಯದಲ್ಲಿ ಅಂತಿಮ ಬಿ.ಎ. ತರಗತಿಯವರು ಹದಿನಾರು ಮಂದಿ ಇದ್ದೇವೆ. ನಮ್ಮೆಲ್ಲರ ನಡುವೆ ಇರುವ ಲ್ಯಾಪ್‌ಟಾಪುಗಳು ಐದು. ಆ ಐದರಲ್ಲಿ ನಾಲ್ಕು ಮತ್ತೊಬ್ಬರು ಬಳಸಿ ಬಿಟ್ಟವು. ನನ್ನ ಕೊಠಡಿಯ ಮಿತ್ರನ ಯಂತ್ರವೂ ಅಂಥದೇ. ಬೆಳಗ್ಗೆ ಅದರ ಗುಂಡಿಯನ್ನೊತ್ತಿ ನಾವು ಸ್ನಾನಕ್ಕೆ ಹೋದರೆ, ತಲೆ ಒರೆಸಿಕೊಂಡು ಬರುವ ವೇಳೆಗೆ ಅದು ಕಣ್ಣು ಬಿಡುತ್ತಿತ್ತು. ‘ನುಡಿ’ಯಲ್ಲಿ ಒಂದು ಪುಟ ಬೆರಳಚ್ಚು ಮಾಡುತ್ತ ಜೊತೆಗೆ ವಿದ್ಯಾರ್ಥಿವೇತನದ ಅರ್ಜಿಯ ಪುಟವನ್ನೂ ತೆರೆದರೆ ಎರಡೂ ನಿಂತುಬಿಡುತ್ತಿದ್ದುವು.

ಮಿತ್ರನು ಅದನ್ನು ಪೇಟೆಯ ಒಂದು ಅಂಗಡಿಗೆ ಒಯ್ದ. ಅಂಗಡಿಯವರು ಮುಚ್ಚಳವನ್ನು ಕೂಡ ತೆಗೆಯದೆ, “ಪ್ರೊಸೆಸರು ಹಳೆಯದು. ಐ5 ತೆಗೆದು ಐ7 ಹಾಕಿಕೊಡುತ್ತೇವೆ, ಒಂಬತ್ತು ಸಾವಿರ. ಆಮೇಲೆ ನೋಡಿ, ಹಾರುತ್ತದೆ” ಎಂದರಂತೆ. ಆ ವಾರವೇ ಅವನ ತಂದೆ ಶೇಂಗಾ ಮಾರಿ ಹತ್ತು ಸಾವಿರ ರೂಪಾಯಿ ಕಳಿಸಿದ್ದರು. ಪರೀಕ್ಷಾ ಶುಲ್ಕವೂ ಅದರಲ್ಲೇ ಆಗಬೇಕು. ರಾತ್ರಿ ಅವನು ನನ್ನನ್ನು ಕೇಳಿದ: “ಕೊಟ್ಟುಬಿಡಲೇನೋ?” ನನಗೆ ಉತ್ತರ ಗೊತ್ತಿರಲಿಲ್ಲ. ನಮ್ಮಿಬ್ಬರ ಮನೆಗಳಲ್ಲಿಯೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲಿಗರು. ಇಂಥ ವಿಷಯ ಕೇಳಲು ಅಣ್ಣನಿಲ್ಲ, ಮಾವನಿಲ್ಲ. ಅಂಗಡಿಯವರು ಹೇಳಿದ್ದೇ ಶಾಸ್ತ್ರ. ಎರಡು ದಿನ ತಾಳು ಎಂದು ಹೇಳಿ, ಅರ್ಥಶಾಸ್ತ್ರದ ಪುಸ್ತಕಗಳನ್ನು ಬದಿಗಿರಿಸಿ, ಈ ಪ್ರಶ್ನೆಯ ಬೆನ್ನು ಹತ್ತಿದೆ. ಎರಡು ದಿನವೆಂದದ್ದು ಎಂಟು ದಿನವಾಯಿತು. ಆಗ ತಿಳಿದದ್ದನ್ನು, ಅನಂತರ ಓದಿಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ವಿಜ್ಞಾನ ವಿಭಾಗದ ಮಿತ್ರರು ಇದನ್ನು ಬಿ.ಎ. ವಿದ್ಯಾರ್ಥಿಯ ಅಧಿಕಪ್ರಸಂಗವೆಂದು ತಿಳಿಯಬಾರದೆಂದು ಬೇಡುತ್ತೇನೆ.

ಪ್ರೊಸೆಸರೆಂದರೆ ಗಣಕಯಂತ್ರದಲ್ಲಿ ಲೆಕ್ಕ ಮಾಡತಕ್ಕ ಅಂಗ. ಕೂಡುವುದು, ಕಳೆಯುವುದು, ಎರಡು ಸಂಖ್ಯೆಗಳನ್ನು ಹೋಲಿಸುವುದು, ಫಲವನ್ನು ಇಟ್ಟ ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು, ಇವೇ ಅದರ ಕಸುಬು. ನಾವು ಪರದೆಯ ಮೇಲೆ ಕಾಣುವ ಅಕ್ಷರ, ಚಿತ್ರ, ಹಾಡು ಎಲ್ಲವೂ ಕೊನೆಗೆ ಈ ಸಣ್ಣ ಕೆಲಸಗಳ ರಾಶಿಯೇ. 1971ರಲ್ಲಿ ಇಂಟೆಲ್ ಕಂಪನಿಯು ಹೊರತಂದ 4004 ಎಂಬ ಚಿಪ್ಪಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದುವು. ಇಂದು ನಮ್ಮ ಕೈಯ ಫೋನಿನಲ್ಲಿರುವ ಚಿಪ್ಪಿನಲ್ಲಿ ಅವು ನೂರಾರು ಕೋಟಿ. ಈ ಬೆಳವಣಿಗೆಯ ಕಥೆ ಸ್ವಾರಸ್ಯವಾದದ್ದೇ. ಆದರೆ ನಮ್ಮ ಪ್ರಶ್ನೆಗೆ ಬೇಕಾದದ್ದು ಆ ಚಿಪ್ಪಿನ ಒಳಗೇನಿದೆ ಎಂಬುದಕ್ಕಿಂತ ಹೆಚ್ಚಾಗಿ, ಅದನ್ನು ಹಲಗೆಯ ಮೇಲೆ ಹೇಗೆ ಕೂಡಿಸಿದ್ದಾರೆ ಎಂಬುದು.

ಕೂಡಿಸುವ ರೀತಿ ಎರಡು. ಒಂದರಲ್ಲಿ ಚಿಪ್ಪಿನ ಅಡಿಯಲ್ಲಿ ನೂರಾರು ಸಣ್ಣ ಸೂಜಿಗಳಿರುತ್ತವೆ. ಮುಖ್ಯ ಹಲಗೆಯ ಮೇಲೆ ಅಷ್ಟೇ ರಂಧ್ರಗಳುಳ್ಳ ಒಂದು ಪೀಠವಿರುತ್ತದೆ. ಇದಕ್ಕೆ ಸಾಕೆಟ್ ಎನ್ನುತ್ತಾರೆ. ಬಲ್ಬನ್ನು ಹೋಲ್ಡರಿನಿಂದ ಬಿಡಿಸಿದಂತೆ ಚಿಪ್ಪನ್ನು ಬಿಡಿಸಿ ಬೇರೊಂದನ್ನು ಕೂಡಿಸಬಹುದು. ಇನ್ನೊಂದರಲ್ಲಿ ಸೂಜಿಗಳ ಬದಲು ಬೆಸುಗೆ ಲೋಹದ ಪುಟ್ಟ ಗುಂಡುಗಳಿರುತ್ತವೆ. ಕಾರ್ಖಾನೆಯಲ್ಲಿ ಹಲಗೆಯನ್ನು ಒಲೆಯೊಳಗೆ ಹಾಯಿಸಿದಾಗ ಗುಂಡುಗಳು ಕರಗಿ ಚಿಪ್ಪು ಹಲಗೆಗೆ ಅಂಟಿಕೊಳ್ಳುತ್ತದೆ. ಮತ್ತೆ ಅದು ಸುಲಭದಲ್ಲಿ ಬಿಡುವ ಸಂಬಂಧವಲ್ಲ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಪಿ.ಜಿ.ಎ. ಎಂದೂ ಎರಡನೆಯದಕ್ಕೆ ಬಿ.ಜಿ.ಎ. ಎಂದೂ ಹೆಸರು. ಲ್ಯಾಪ್‌ಟಾಪಿನ ಪ್ರೊಸೆಸರನ್ನು ಬದಲಾಯಿಸಬಹುದೆ ಎಂಬ ಪ್ರಶ್ನೆಯ ಅರ್ಧ ಉತ್ತರ ಈ ಒಂದು ಅಕ್ಷರದ ವ್ಯತ್ಯಾಸದಲ್ಲಿ ಅಡಗಿದೆ.

‘ಬದಲಾಯಿಸಿದರೆ ಹೊಸದಾಗುತ್ತದೆ’ ಎಂಬ ನಂಬಿಕೆ ಜನರಲ್ಲಿ ಬಂದದ್ದು ಸುಳ್ಳಿನಿಂದಲ್ಲ. ಮೇಜಿನ ಮೇಲಿಡುವ ದೊಡ್ಡ ಗಣಕಗಳಲ್ಲಿ ಇದು ಬಹುಕಾಲದಿಂದ ನಡೆದುಬಂದ ಪದ್ಧತಿ. 1992ರಲ್ಲಿ ಇಂಟೆಲ್ ಕಂಪನಿಯೇ ‘ಓವರ್‌ಡ್ರೈವ್’ ಎಂಬ ಹೆಸರಿನಿಂದ, ಹಳೆಯ 486 ಯಂತ್ರಗಳಿಗೆ ತೊಡಿಸತಕ್ಕ ಹೆಚ್ಚು ವೇಗದ ಚಿಪ್ಪುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿತು. ಲ್ಯಾಪ್‌ಟಾಪುಗಳಲ್ಲಿಯೂ ಸುಮಾರು 2013ರವರೆಗೆ ಸಾಕೆಟ್ಟುಗಳುಳ್ಳ ಮಾದರಿಗಳು ಧಾರಾಳವಾಗಿದ್ದುವು. 2007ರ ಸುಮಾರಿನ ಕೋರ್ 2 ಡ್ಯುಯೊ ಯಂತ್ರಗಳಲ್ಲಿ ‘ಸಾಕೆಟ್ ಪಿ’, 2011ರಲ್ಲಿ ಬಂದ ಎರಡನೆಯ ಪೀಳಿಗೆಯ ಕೋರ್ ಚಿಪ್ಪುಗಳಿಗೆ ‘ಜಿ2’, 2013ರ ನಾಲ್ಕನೆಯ ಪೀಳಿಗೆಗೆ ‘ಜಿ3’, ಹೀಗೆ ಪೀಠಗಳು ಬದಲಾಗುತ್ತ ಬಂದುವು. ಜಿ3 ಕೊನೆಯದು. ಐದನೆಯ ಪೀಳಿಗೆಯಿಂದ ಈಚೆಗೆ ಇಂಟೆಲ್ ಲ್ಯಾಪ್‌ಟಾಪಿಗೆಂದು ಮಾಡಿದ ಪ್ರೊಸೆಸರುಗಳೆಲ್ಲ ಬೆಸುಗೆಯವೇ. ಎ.ಎಂ.ಡಿ. ಕಂಪನಿಯೂ ಅದೇ ಕಾಲದಲ್ಲಿ ಅದೇ ದಾರಿ ಹಿಡಿಯಿತು.

ಕಾರಣವೇನು? ಗಿರಾಕಿಗಳು ತೆಳುವಾದ ಯಂತ್ರವನ್ನು ಬಯಸಿದರು. ಅಥವಾ ಬಯಸುವಂತೆ ಮಾಡಲಾಯಿತು. 2008ರ ಜನವರಿಯಲ್ಲಿ ಆಪಲ್ ಕಂಪನಿಯವರು ಮ್ಯಾಕ್‌ಬುಕ್ ಏರ್ ಎಂಬ ಯಂತ್ರವನ್ನು ಕಾಗದದ ಲಕೋಟೆಯೊಳಗಿಂದ ಹೊರತೆಗೆದು ಸಭೆಗೆ ತೋರಿಸಿದರು. ಅದರ ಅತ್ಯಂತ ದಪ್ಪ ಭಾಗವೂ 2 ಸೆಂಟಿಮೀಟರಿನೊಳಗಿತ್ತು. ಪ್ರೊಸೆಸರಷ್ಟೇ ಅಲ್ಲ, ನೆನಪಿನ ಚಿಪ್ಪುಗಳನ್ನೂ ಅದರಲ್ಲಿ ಬೆಸೆದಿದ್ದರು. 2011ರಲ್ಲಿ ಇಂಟೆಲ್ ‘ಅಲ್ಟ್ರಾಬುಕ್’ ಎಂಬ ಹೆಸರಿನಿಂದ ಉಳಿದ ತಯಾರಕರನ್ನೂ ಅದೇ ದಾರಿಗೆ ಕರೆಯಿತು. ಸಾಕೆಟ್ಟಿಗೆ ಎತ್ತರ ಬೇಕು, ಮೇಲಿನಿಂದ ಒತ್ತಿಹಿಡಿಯುವ ಏರ್ಪಾಡು ಬೇಕು, ಅದಕ್ಕೆ ಖರ್ಚೂ ಉಂಟು. ಬೆಸೆದುಬಿಟ್ಟರೆ ಇದಾವುದೂ ಬೇಕಿಲ್ಲ. ತಯಾರಕರ ಲೆಕ್ಕ ಸರಿಯಾಗಿಯೇ ಇದೆ. ಆ ಯಂತ್ರ ಎರಡನೆಯವನ, ಮೂರನೆಯವನ ಕೈಗೆ ಬಂದಾಗ ಏನಾದೀತೆಂಬುದು ಮಾತ್ರ ಆ ಲೆಕ್ಕದ ಯಾವ ಕಾಲಮಿನಲ್ಲಿಯೂ ಬರುವುದಿಲ್ಲ.

ಈ ತಿರುವನ್ನು ಒಂದೇ ಮನೆತನದೊಳಗೆ ಕಾಣಬೇಕಾದರೆ ಲೆನೋವೊ ಕಂಪನಿಯ ಥಿಂಕ್‌ಪ್ಯಾಡ್ ಟಿ440ಎಸ್ ಮತ್ತು ಟಿ440ಪಿ ಎಂಬ ಎರಡು ಮಾದರಿಗಳನ್ನು ನೋಡಬೇಕು. ಎರಡೂ 2013ರವು, ಎರಡರಲ್ಲೂ ನಾಲ್ಕನೆಯ ಪೀಳಿಗೆಯ ಚಿಪ್ಪು, ಹೆಸರಿನಲ್ಲಿ ಕೊನೆಯ ಅಕ್ಷರ ಮಾತ್ರ ಬೇರೆ. ಟಿ440ಎಸ್ ತೆಳು, ಹಗುರ. ಅದರಲ್ಲಿ ಪ್ರೊಸೆಸರು ಬೆಸೆದದ್ದು. ಟಿ440ಪಿ ತೂಕದ, ದಪ್ಪ ದೇಹದ ಯಂತ್ರ. ಅದರಲ್ಲಿ ಸಾಕೆಟ್ ಇದೆ. ಇವೆರಡೂ ಕಚೇರಿಗಳಲ್ಲಿ ಕೆಲವು ವರ್ಷ ದುಡಿದು ಹಳೆಯ ಸಾಮಾನಿನ ಮಾರುಕಟ್ಟೆಗೆ ಇಳಿದ ಜಾತಿಯವು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇಂಥ ಯಂತ್ರಗಳನ್ನು ಕೊಳ್ಳಹೋದವನಿಗೆ, ಒಂದು ಅಕ್ಷರ ನೋಡಿ ಕೊಂಡರೆ ಬದಲಾಯಿಸಬಹುದಾದದ್ದು, ನೋಡದೆ ಕೊಂಡರೆ ಬದಲಾಯಿಸಲಾಗದ್ದು.

ಅಕ್ಷರದ ಮಾತು ಬಂದುದರಿಂದ ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರವನ್ನೂ ಹೇಳಿಬಿಡುತ್ತೇನೆ. ನಾಲ್ಕನೆಯ ಪೀಳಿಗೆಯಲ್ಲಿ ಸಂಖ್ಯೆಯ ಮುಂದೆ ‘ಎಂ’ ಅಥವಾ ‘ಎಂಕ್ಯೂ’ ಎಂದಿದ್ದರೆ ಅದು ಸಾಕೆಟ್ಟಿನದು. ‘ಯು’ ಅಥವಾ ‘ಎಚ್‌ಕ್ಯೂ’ ಎಂದಿದ್ದರೆ ಬೆಸುಗೆಯದು. ‘ಸಿಪಿಯು-ಝಡ್’ ಎಂಬ ಉಚಿತ ತಂತ್ರಾಂಶವೊಂದಿದೆ. ಅದರ ಮೊದಲ ಪುಟದಲ್ಲಿಯೇ ಪ್ಯಾಕೇಜ್ ಎಂಬ ಸಾಲಿನಲ್ಲಿ ಪಿ.ಜಿ.ಎ. ಎಂದೋ ಬಿ.ಜಿ.ಎ. ಎಂದೋ ಬರೆದಿರುತ್ತದೆ. ಮುಚ್ಚಳ ತೆಗೆಯಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ.

ಮಿತ್ರನ ಯಂತ್ರದಲ್ಲಿ ನೋಡಿದೆವು: ಕೋರ್ ಐ5-4300ಯು. ಪ್ಯಾಕೇಜ್: ಬಿ.ಜಿ.ಎ. 1168. ಅಂದರೆ 1,168 ಬೆಸುಗೆಗಳು.

“ಹಾಗಾದರೆ ಅಂಗಡಿಯವರು ಐ7 ಹಾಕುತ್ತೇವೆಂದದ್ದು ಹೇಗೆ?” ಎಂದು ಅವನು ಕೇಳಿದ. ನ್ಯಾಯವಾದ ಪ್ರಶ್ನೆ. ಬೆಸೆದ ಚಿಪ್ಪನ್ನು ತೆಗೆಯುವುದು ಸಂಪೂರ್ಣ ಅಸಾಧ್ಯವೆಂದು ಹೇಳಲಾರೆ. ಸೀಸವಿಲ್ಲದ ಬೆಸುಗೆ ಸುಮಾರು 217 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಹಲಗೆಯನ್ನು ಕೆಳಗಿನಿಂದ ಹದವಾಗಿ ಕಾಯಿಸಿ, ಮೇಲಿನಿಂದ ಬಿಸಿಗಾಳಿಯನ್ನೋ ಅತಿಕೆಂಪು ಕಿರಣವನ್ನೋ ಬಿಟ್ಟು, ಚಿಪ್ಪನ್ನೆತ್ತಿ, ಹೊಸ ಗುಂಡುಗಳನ್ನು ಕೂಡಿಸಿ, ಮತ್ತೆ ಕೂಡಿಸಲು ಯಂತ್ರಗಳಿವೆ. ಅದನ್ನು ಬಲ್ಲ ಕುಶಲಿಗಳೂ ಇದ್ದಾರೆ. ಆದರೆ 1,168ರಲ್ಲಿ ಒಂದು ಗುಂಡು ಸರಿಯಾಗಿ ಕೂಡದಿದ್ದರೂ ಯಂತ್ರ ಏಳದಿರಬಹುದು. ಹೆಚ್ಚು ಕಾಯಿಸಿದರೆ ಹಲಗೆಯ ಪದರಗಳೇ ಬಿರಿಯಬಹುದು. ಅಂಗಡಿಗಳಲ್ಲಿ ಇದಕ್ಕಿಂತ ಹೆಚ್ಚು ರೂಢಿಯಾದ ಉಪಾಯವೆಂದರೆ ಅದೇ ಮಾದರಿಯ ಬೇರೊಂದು ಹಳೆಯ ಯಂತ್ರದ ಇಡೀ ಹಲಗೆಯನ್ನೇ ತಂದು ಕೂಡಿಸುವುದು. ಅದು ಪ್ರೊಸೆಸರ್ ಬದಲಾವಣೆಯಲ್ಲ. ಹೆಚ್ಚುಕಡಿಮೆ ಇನ್ನೊಂದು ಹಳೆಯ ಯಂತ್ರವನ್ನು ತಮ್ಮ ಡಬ್ಬಿಯಲ್ಲಿ ತುಂಬಿಕೊಂಡಂತೆ.

ಹಾಗೆ ತುಂಬಿಕೊಂಡರೂ ಸಿಗುವುದೇನು? ನನಗೆ ಅತ್ಯಂತ ಆಶ್ಚರ್ಯವನ್ನುಂಟುಮಾಡಿದ ವಿಷಯ ಇದು. ಐ5ಕ್ಕಿಂತ ಐ7 ದೊಡ್ಡದು, ಏಳನೆಯ ತರಗತಿ ಐದನೆಯದಕ್ಕಿಂತ ಮೇಲಿರುವಂತೆ, ಎಂದು ನಾವೆಲ್ಲ ತಿಳಿದಿದ್ದೆವು. ಆ ಪೀಳಿಗೆಯ ಯು ಜಾತಿಯಲ್ಲಿ ಐ7-4600ಯು ಎಂಬ ಚಿಪ್ಪನ್ನು ತೆಗೆದುಕೊಳ್ಳಿ. ಐ5-4300ಯುವಿನಲ್ಲಿರುವಂತೆಯೇ ಅದರಲ್ಲಿಯೂ ಕೋರುಗಳು, ಅಂದರೆ ಲೆಕ್ಕ ಮಾಡತಕ್ಕ ತಿರುಳುಗಳು, ಎರಡೇ. ಎರಡಕ್ಕೂ ಶಾಖದ ಮಿತಿ 15 ವ್ಯಾಟ್. ಐ5ರ ಮೂಲ ವೇಗ 1.9 ಗಿಗಾಹರ್ಟ್ಸ್, ಐ7ರದು 2.1; ಏರಬಹುದಾದ ಗರಿಷ್ಠ ವೇಗ ಒಂದರಲ್ಲಿ 2.9, ಮತ್ತೊಂದರಲ್ಲಿ 3.3. ಭಾಗಾಕಾರ ಮಾಡಿ ನೋಡಿದರೆ ಹೆಚ್ಚಳ ನೂರಕ್ಕೆ ಹತ್ತರಿಂದ ಹದಿನಾಲ್ಕು. ಒಂಬತ್ತು ಸಾವಿರ ರೂಪಾಯಿಗೆ!

ಸಾಕೆಟ್ಟುಳ್ಳ ಟಿ440ಪಿ ಯಂತ್ರದಲ್ಲಿ ಸಂಗತಿ ಬೇರೆ, ಆದರೆ ಅಲ್ಲಿಯೂ ಹೆಸರನ್ನು ನಂಬುವಂತಿಲ್ಲ. ಅದರಲ್ಲಿ ಸಾಮಾನ್ಯವಾಗಿ ಸಿಗುವ ಐ5-4300ಎಂ ಚಿಪ್ಪಿಗೆ ಎರಡು ಕೋರು. ಮೂಲ ವೇಗ 2.6, ಗರಿಷ್ಠ 3.3 ಗಿಗಾಹರ್ಟ್ಸ್. ಅದನ್ನು ತೆಗೆದು ಐ7-4702ಎಂಕ್ಯೂ ಕೂಡಿಸಿದರೆ ಕೋರುಗಳು ನಾಲ್ಕಾಗುತ್ತವೆ. ಆದರೆ ಮೂಲ ವೇಗ 2.2, ಗರಿಷ್ಠ 3.2. ಎರಡಕ್ಕೂ ಮಿತಿ 37 ವ್ಯಾಟ್ ಆದುದರಿಂದ, ಅಷ್ಟೇ ಶಾಖದ ಪಡಿಯನ್ನು ನಾಲ್ವರು ಹಂಚಿಕೊಂಡು ತಲಾ ಸ್ವಲ್ಪ ನಿಧಾನವಾಗಿ ದುಡಿಯಬೇಕು. ಚಲನಚಿತ್ರ ಸಂಕಲನ ಮಾಡುವವನಿಗೆ, ದೊಡ್ಡ ಪ್ರೋಗ್ರಾಮುಗಳನ್ನು ಕಟ್ಟುವವನಿಗೆ ನಾಲ್ವರು ಆಳುಗಳ ಲಾಭ ಸ್ಪಷ್ಟವಾಗಿ ಸಿಗುತ್ತದೆ. ಒಂದು ಪುಟ ಬೆರಳಚ್ಚು ಮಾಡುವವನಿಗೆ? ಒಂದೇ ಕೋರಿನಿಂದ ನಡೆಯುವ ಕೆಲಸಕ್ಕೆ ಹೊಸ ಚಿಪ್ಪು ಹಳೆಯದಕ್ಕಿಂತ ಕೂದಲೆಳೆಯಷ್ಟು ನಿಧಾನವೇ ಆದೀತು. ನಾಲ್ಕು ಎತ್ತುಗಳಿದ್ದ ಮಾತ್ರಕ್ಕೆ ಒಂದು ನೊಗದ ಗಾಡಿ ಬೇಗ ಹೋಗುವುದಿಲ್ಲವಷ್ಟೆ.

ಶಾಖದ ಮಾತನ್ನು ಇನ್ನಷ್ಟು ಬಿಡಿಸಿ ಹೇಳಬೇಕು; ಏಕೆಂದರೆ ಲ್ಯಾಪ್‌ಟಾಪಿನ ವೇಗದ ನಿಜವಾದ ಯಜಮಾನ ಅದೇ. ಚಿಪ್ಪಿನೊಳಗಿನ ಟ್ರಾನ್ಸಿಸ್ಟರುಗಳು ಕ್ಷಣಕ್ಷಣಕ್ಕೂ ತೆರೆದು ಮುಚ್ಚುವಾಗ ವಿದ್ಯುಚ್ಛಕ್ತಿ ವ್ಯಯವಾಗಿ ಶಾಖವಾಗುತ್ತದೆ. ಈ ವ್ಯಯವು ವೇಗಕ್ಕೆ ನೇರವಾಗಿಯೂ, ವೋಲ್ಟೇಜಿಗೆ ವರ್ಗವಾಗಿಯೂ ಹೆಚ್ಚುತ್ತದೆ. ವೇಗವನ್ನು ಹೆಚ್ಚಿಸಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕು. ಹಾಗಾಗಿ ವೇಗ ಒಂದಂಶ ಏರಿದರೆ ಶಾಖ ಅದಕ್ಕಿಂತ ಬಹಳ ಹೆಚ್ಚಾಗಿ ಏರುತ್ತದೆ. ಈ ಶಾಖವನ್ನು ತಾಮ್ರದ ಕೊಳವೆಯೊಂದು ಹೊತ್ತು ಅಂಚಿಗೆ ತಂದು, ಸಣ್ಣ ಬೀಸಣಿಗೆಯೊಂದು ಹೊರಕ್ಕೆ ಊದಬೇಕು. 37 ವ್ಯಾಟಿಗೆಂದು ಮಾಡಿದ ಕೊಳವೆ ಬೀಸಣಿಗೆಗಳಿಗೆ 47 ವ್ಯಾಟಿನ ಚಿಪ್ಪನ್ನು ಕಟ್ಟಿದರೆ ಅದು ಕೂಡಿಕೊಳ್ಳುವುದೇನೋ ಹೌದು. ಸ್ವಲ್ಪ ಹೊತ್ತು ಓಡಿ, 100 ಡಿಗ್ರಿಯ ಹತ್ತಿರ ಬರುತ್ತಲೇ ತನ್ನನ್ನು ಸುಟ್ಟುಕೊಳ್ಳದಿರಲು ತಾನೇ ವೇಗವನ್ನು ಇಳಿಸಿಕೊಳ್ಳುತ್ತದೆ. ಹಣ ಕೊಟ್ಟು ತಂದ ವೇಗ ಪೆಟ್ಟಿಗೆಯೊಳಗೇ ಉಳಿಯಿತು.

ಇದರ ಮಗ್ಗುಲನ್ನೂ ಗಮನಿಸಬೇಕು. ಹತ್ತು ವರ್ಷದ ಯಂತ್ರದ ಬೀಸಣಿಗೆಯಲ್ಲಿ ಹತ್ತು ವರ್ಷದ ಧೂಳಿರುತ್ತದೆ. ಚಿಪ್ಪಿಗೂ ತಾಮ್ರಕ್ಕೂ ನಡುವೆ ಬಳಿದಿರುವ ಶಾಖವಾಹಕ ಲೇಪ ಒಣಗಿ ಸುಣ್ಣದ ಹೆಕ್ಕಳೆಯಂತಾಗಿರುತ್ತದೆ. ಆಗ ಇರುವ ಪ್ರೊಸೆಸರೇ ತನ್ನ ಪೂರ್ಣ ವೇಗಕ್ಕೆ ಏರಲಾರದೆ ಸೊರಗುತ್ತದೆ. ಧೂಳು ತೆಗೆದು ಹೊಸ ಲೇಪ ಹಚ್ಚಿದರೆ, ಕಳೆದುಹೋಗಿದ್ದ ವೇಗ ಕೆಲವು ನೂರು ರೂಪಾಯಿಯಲ್ಲಿ ಮರಳಿ ಬರಬಹುದು. ಮಿತ್ರನ ಯಂತ್ರವನ್ನು ನಾವು ಬಿಚ್ಚಿದಾಗ ಬೀಸಣಿಗೆಯ ಮುಂದೆ ಕಂಬಳಿಯ ತುಂಡಿನಂತೆ ಧೂಳಿನ ಪದರವೊಂದು ನಿಂತಿತ್ತು. ಅದನ್ನು ಚಿಮಟದಿಂದ ಇಡಿಯಾಗಿಯೇ ಎತ್ತಿದೆವು.

ಇಷ್ಟಾದರೂ ಮುಖ್ಯ ಪ್ರಶ್ನೆ ಉಳಿದೇ ಇದೆ: ಯಂತ್ರ ನಿಧಾನವಾಗಿರುವುದು ಪ್ರೊಸೆಸರಿನಿಂದಲೇ ಎಂದು ಹೇಳಿದವರು ಯಾರು?

ನಮ್ಮೂರ ಕಡೆ ಬೇಸಗೆಯಲ್ಲಿ ಬಾವಿಯ ನೀರು ತಳ ಹಿಡಿಯುತ್ತದೆ. ಒಬ್ಬ ರೈತರು 3 ಅಶ್ವಶಕ್ತಿಯ ಪಂಪನ್ನು ತೆಗೆದು 5 ಅಶ್ವಶಕ್ತಿಯದನ್ನು ಕೂಡಿಸಿದರು. ಮೊದಲು ಅರ್ಧ ಗಂಟೆ ಓಡಿ ನಿಲ್ಲುತ್ತಿದ್ದ ನೀರು ಕಾಲು ಗಂಟೆಗೇ ನಿಂತಿತು. ಊಟೆ ಇದ್ದಷ್ಟೇ ನೀರು. ಪಂಪು ದೊಡ್ಡದಾದರೆ ಗದ್ದೆಗೆ ಹೆಚ್ಚು ಹರಿಯುವುದಿಲ್ಲ. ಗಣಕದಲ್ಲಿ ಪ್ರೊಸೆಸರು ಪಂಪು. ಊಟೆಯೆಂದರೆ ಮಾಹಿತಿಯನ್ನು ಕೂಡಿಟ್ಟಿರುವ ಡಿಸ್ಕು. ಮಿತ್ರನ ಯಂತ್ರದಲ್ಲಿದ್ದುದು ತಿರುಗುವ ಹಾರ್ಡ್ ಡಿಸ್ಕ್. ನಿಮಿಷಕ್ಕೆ 5,400 ಸುತ್ತು. ಅಂದರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತಾದರೂ ಕಾಯಬೇಕು, ಮುಳ್ಳು ಅತ್ತಿತ್ತ ಸರಿಯುವ ಕಾಲ ಬೇರೆ. ಒಟ್ಟಿನಲ್ಲಿ ಒಂದೊಂದು ಓದಿಗೆ 10 ಮಿಲಿಸೆಕೆಂಡಿಗೂ ಮಿಕ್ಕಿ ಹಿಡಿಯುತ್ತದೆ. ನಮಗೆ ಅದು ಕಣ್ಣೆವೆ ಹೊಡೆಯುವುದಕ್ಕಿಂತ ಕಡಿಮೆ ಹೊತ್ತು. 2.6 ಗಿಗಾಹರ್ಟ್ಸಿನ ಪ್ರೊಸೆಸರಿಗೋ, ಆ 10 ಮಿಲಿಸೆಕೆಂಡಿನಲ್ಲಿ 2 ಕೋಟಿ 60 ಲಕ್ಷ ಮಿಡಿತಗಳು ಕಳೆದುಹೋಗಿರುತ್ತವೆ. ಅಷ್ಟು ಕಾಲವೂ ಅದು ಕೈಕಟ್ಟಿ ಕುಳಿತಿರುತ್ತದೆ. ಅದರ ಜಾಗದಲ್ಲಿ ಇನ್ನೂ ಚುರುಕಾದ ಪ್ರೊಸೆಸರನ್ನು ತಂದಿಟ್ಟರೆ ಅದು ಇನ್ನೂ ಚುರುಕಾಗಿ ಕೈಕಟ್ಟಿ ಕೂರುತ್ತದೆ!

ಜೀನ್ ಆಮ್ಡಾಲ್ ಎಂಬ ಅಮೆರಿಕದ ಗಣಕತಜ್ಞರು 1967ರಲ್ಲಿ ಇದನ್ನು ಒಂದು ವಾದವಾಗಿ ಮಂಡಿಸಿದರು. ಇಂದು ಅದು ಅವರ ಹೆಸರಿನ ನಿಯಮವಾಗಿ ಪ್ರಸಿದ್ಧವಾಗಿದೆ. ಅವರು ಮಾತನಾಡಿದ್ದು ಅನೇಕ ಪ್ರೊಸೆಸರುಗಳನ್ನು ಒಟ್ಟಿಗೆ ದುಡಿಸುವ ದೊಡ್ಡ ಯಂತ್ರಗಳ ವಿಷಯವಾಗಿ. ಆದರೆ ಅದರ ತಿರುಳು ಎಲ್ಲ ಕಡೆಗೂ ಸಲ್ಲುತ್ತದೆ. ಕೆಲಸದ ಒಂದು ಭಾಗವನ್ನು ಎಷ್ಟೇ ಚುರುಕುಗೊಳಿಸಿದರೂ, ಒಟ್ಟು ಲಾಭವು ಆ ಭಾಗ ಮೊದಲು ಎಷ್ಟು ಕಾಲವನ್ನು ತಿನ್ನುತ್ತಿತ್ತು ಎಂಬುದನ್ನು ಮೀರಲಾರದು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಹೊಸ ಮಾತೇನಲ್ಲ. ಲೆಕ್ಕ ಮಾಡೋಣ. ಯಂತ್ರ ಎದ್ದು ನಿಲ್ಲಲು 200 ಸೆಕೆಂಡ್ ಹಿಡಿಯುತ್ತದೆ. ಅದರಲ್ಲಿ 150 ಸೆಕೆಂಡ್ ಡಿಸ್ಕಿಗಾಗಿ ಕಾಯುವುದು, 50 ಸೆಕೆಂಡ್ ಪ್ರೊಸೆಸರಿನ ದುಡಿಮೆ ಎಂದು ಭಾವಿಸಿ. ಪ್ರೊಸೆಸರಿನ ವೇಗವನ್ನು ಎರಡು ಪಟ್ಟು ಮಾಡಿದರೆ 150ಕ್ಕೆ 25 ಕೂಡಿ 175 ಸೆಕೆಂಡ್. ಅದನ್ನು ಬಿಟ್ಟು ಡಿಸ್ಕನ್ನು ಹತ್ತು ಪಟ್ಟು ಚುರುಕಾದದ್ದಕ್ಕೆ ಬದಲಿಸಿದರೆ 15ಕ್ಕೆ 50 ಕೂಡಿ 65 ಸೆಕೆಂಡ್. ಹತ್ತು ಪಟ್ಟೆಂಬುದು ಅತಿಶಯೋಕ್ತಿಯಲ್ಲ. ಎಸ್.ಎಸ್.ಡಿ. ಎಂಬ, ತಿರುಗುವ ಭಾಗಗಳೇ ಇಲ್ಲದ ಡಿಸ್ಕಿನಲ್ಲಿ ಒಂದು ಓದಿಗೆ ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಸಾಕು.

ನೆನಪಿನ ವಿಷಯವೂ ಹೀಗೆಯೇ. ಯಂತ್ರದಲ್ಲಿ 4 ಜಿ.ಬಿ. ಮಾತ್ರ ರ್‍ಯಾಮ್ ಇದ್ದು, ತೆರೆದಿಟ್ಟ ಕೆಲಸಗಳಿಗೆ 6 ಜಿ.ಬಿ. ಬೇಕಾದರೆ, ಉಳಿದದ್ದನ್ನು ಯಂತ್ರವು ಆ ನಿಧಾನವಾದ ಡಿಸ್ಕಿನ ಮೇಲೆಯೇ ಇಟ್ಟು ತೆಗೆದು ಮಾಡುತ್ತದೆ. ಮೇಜು ಚಿಕ್ಕದಾಗಿ, ಪ್ರತಿ ಪುಸ್ತಕಕ್ಕೂ ಗ್ರಂಥಾಲಯದ ಅಟ್ಟ ಹತ್ತಿ ಇಳಿದಂತೆ.

ಇದನ್ನು ಪರೀಕ್ಷಿಸುವುದು ಹೇಗೆಂದರೆ, ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಯಂತ್ರ ತಡವರಿಸುತ್ತಿರುವಾಗಲೇ ನೋಡಬೇಕು. ನಾವು ನೋಡಿದಾಗ ಪ್ರೊಸೆಸರಿನ ಬಳಕೆ ನೂರಕ್ಕೆ ಇಪ್ಪತ್ತರ ಆಸುಪಾಸು. ಮೆಮೊರಿ ತೊಂಬತ್ತರ ಮೇಲೆ. ಡಿಸ್ಕು ಪೂರ್ತಿ ನೂರು, ಕೆಂಪಾಗಿ. ಅಂಗಡಿಯವರು ಬದಲಾಯಿಸಬೇಕೆಂದದ್ದು ಐದರಲ್ಲಿ ನಾಲ್ಕು ಪಾಲು ಬಿಡುವಾಗಿ ಕುಳಿತಿದ್ದ ಅಂಗವನ್ನು. ಅವರು ಮೋಸ ಮಾಡಬೇಕೆಂದೇ ಹೇಳಿದರೆಂದು ನಾನು ಹೇಳಲಾರೆ. ‘ಪ್ರೊಸೆಸರ್ ಎಂದರೆ ವೇಗ’ ಎಂದು ಅವರೂ ನಂಬಿರಬಹುದು; ಜಾಹೀರಾತುಗಳು ನಮಗೆಲ್ಲ ಅದನ್ನೇ ಕಲಿಸಿವೆ.

ಹಾಗಾದರೆ ಪ್ರೊಸೆಸರನ್ನು ಬದಲಾಯಿಸುವುದು ಯಾರಿಗೆ ಯೋಗ್ಯ? ಸಾಕೆಟ್ಟುಳ್ಳ ಯಂತ್ರ ಇರಬೇಕು; ಎಸ್.ಎಸ್.ಡಿ.ಯೂ ಸಾಕಷ್ಟು ರ್‍ಯಾಮೂ ಆಗಲೇ ಇರಬೇಕು. ಆದರೂ ಪ್ರೊಸೆಸರಿನ ಬಳಕೆ ಬಹುಹೊತ್ತು ನೂರರಲ್ಲಿಯೇ ನಿಲ್ಲುವಂಥ ಕೆಲಸ ಅವರದಾಗಿರಬೇಕು. ಅಂಥವರು ಅದೇ ಸಾಕೆಟ್ಟಿನ, ಅದೇ ಪೀಳಿಗೆಯ, ತಯಾರಕರು ಅದೇ ಮಾದರಿಯಲ್ಲಿ ತಾವೇ ಕೂಡಿಸಿ ಮಾರಿದ್ದ ಚಿಪ್ಪನ್ನು ಆರಿಸುವುದು ಕ್ಷೇಮ. ಏಕೆಂದರೆ ಸೂಜಿಗಳು ಹೊಂದಿದ ಮಾತ್ರಕ್ಕೆ ಸಾಲದು; ಯಂತ್ರ ಏಳುವಾಗ ಮೊದಲು ಓಡುವ ಬಯೋಸ್ ಎಂಬ ತಂತ್ರಾಂಶಕ್ಕೆ ಆ ಚಿಪ್ಪಿನ ಪರಿಚಯವಿರಬೇಕು. ಪರಿಚಯವಿಲ್ಲದಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ. ಕೂಡಿಸುವ ಕೆಲಸ ಅಷ್ಟು ಕಷ್ಟವಲ್ಲವಂತೆ: ಬ್ಯಾಟರಿ ತೆಗೆದು, ಬೀಸಣಿಗೆಯ ಜೋಡಣೆಯನ್ನು ಬಿಚ್ಚಿ, ಸಾಕೆಟ್ಟಿನ ಬದಿಯ ತಿರುಪನ್ನು ತಿರುಗಿಸಿದರೆ ಸೂಜಿಗಳ ಹಿಡಿತ ಸಡಿಲುತ್ತದೆ, ಮೂಲೆಯ ತ್ರಿಕೋನದ ಗುರುತನ್ನು ನೋಡಿ ಹೊಸದನ್ನು ಇಟ್ಟು, ತಿರುಪನ್ನು ಬಿಗಿದು, ಲೇಪ ಹಚ್ಚಿ ಮುಚ್ಚುವುದು. ನಾನು ಸ್ವತಃ ಮಾಡಿಲ್ಲ. ಸಾಕೆಟ್ಟುಳ್ಳ ಯಂತ್ರ ನಮ್ಮ ನಿಲಯದಲ್ಲಿ ಒಂದೂ ಇಲ್ಲ.

ದೊಡ್ಡ ಗಣಕದ ಚಿಪ್ಪನ್ನೇ ಲ್ಯಾಪ್‌ಟಾಪಿನೊಳಗೆ ಸಾಕೆಟ್ಟಿನಲ್ಲಿಟ್ಟ ಪ್ರಯತ್ನಗಳೂ ನಡೆದಿವೆ. 2019ರಲ್ಲಿ ಬಂದ ಏಲಿಯನ್‌ವೇರ್ ಏರಿಯಾ-51ಎಂ ಅಂಥದು. ಆದರೆ ಮುಂದಿನ ಪೀಳಿಗೆಗೆ ಇಂಟೆಲ್ ಸಾಕೆಟ್ಟನ್ನೇ ಬದಲಿಸಿದ್ದರಿಂದ ಅದಕ್ಕೆ ಹೊಸ ಪೀಳಿಗೆಯ ಚಿಪ್ಪು ಹೊಂದಲಿಲ್ಲ, ಬಾಗಿಲಿತ್ತು, ದಾರಿಯಿರಲಿಲ್ಲ. ಇದಕ್ಕಿಂತ ನನಗೆ ಮೆಚ್ಚಿಕೆಯಾದದ್ದು ಅಮೆರಿಕದ ಫ್ರೇಮ್‌ವರ್ಕ್ ಕಂಪನಿಯ ಕ್ರಮ. ಅವರು 2021ರಲ್ಲಿ ಮೊದಲ ಯಂತ್ರವನ್ನು ತಂದು, ಮರುವರ್ಷ ಮುಂದಿನ ಪೀಳಿಗೆಯ ಪ್ರೊಸೆಸರುಳ್ಳ ಮುಖ್ಯ ಹಲಗೆಯನ್ನು ಬಿಡಿಯಾಗಿ ಮಾರಿದರು. ಪ್ರೊಸೆಸರು ಹಲಗೆಗೆ ಬೆಸೆದೇ ಇದೆ. ಆದರೆ ಪರದೆ, ಕೀಲಿಮಣೆ, ದೇಹ ಎಲ್ಲವನ್ನೂ ಉಳಿಸಿಕೊಂಡು ಹಲಗೆಯನ್ನಷ್ಟೆ ಬಳಕೆದಾರನೇ ಬದಲಿಸಿಕೊಳ್ಳಬಹುದು.

ಕೊಳ್ಳಹೋಗುವ ಕಿರಿಯ ಮಿತ್ರರಿಗೆ ಇನ್ನೊಂದು ಸಂಗತಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಕಂಪನಿಯು ಒಪ್ಪುವ ಇಂಟೆಲ್ ಪ್ರೊಸೆಸರುಗಳು, ಕೆಲವು ಅಪವಾದಗಳನ್ನು ಬಿಟ್ಟರೆ, ಎಂಟನೆಯ ಪೀಳಿಗೆಯಿಂದ ಮೇಲಿನವು. ಲ್ಯಾಪ್‌ಟಾಪಿಗೆಂದೇ ಇಂಟೆಲ್ ಮಾಡಿದ, ಬದಲಾಯಿಸಬಹುದಾದ ಪ್ರೊಸೆಸರುಗಳು ನಾಲ್ಕನೆಯ ಪೀಳಿಗೆಗೇ ನಿಂತುವೆಂದು ಮೇಲೆ ಹೇಳಿದೆನಷ್ಟೆ. ಆದುದರಿಂದ ಹಳೆಯ ಯಂತ್ರದಲ್ಲಿ ಎಂಥ ಚಿಪ್ಪನ್ನು ಕೂಡಿಸಿದರೂ ಅದು ಆ ಪಟ್ಟಿಗೆ ಸೇರದು. ಅದರಲ್ಲಿ ಲಿನಕ್ಸ್ ಹಾಕಿಕೊಂಡು ನೆಮ್ಮದಿಯಾಗಿರಬಹುದು. ಅದು ಬೇಡವಾದರೆ, ಪ್ರೊಸೆಸರಿಗೆಂದು ಎತ್ತಿಟ್ಟ ಹಣಕ್ಕೆ ಮತ್ತಷ್ಟು ಕೂಡಿಹಾಕಿ 2017ರಲ್ಲಿ ಬಂದ ಎಂಟನೆಯ ಪೀಳಿಗೆಯ, ಉದಾಹರಣೆಗೆ ಐ5-8250ಯು ಇರುವ, ಹಳೆಯ ಯಂತ್ರವನ್ನು ಕೊಳ್ಳುವುದು ಮೇಲು. ಹದಿನೈದೇ ವ್ಯಾಟಿನಲ್ಲಿ ಅದಕ್ಕೆ ನಾಲ್ಕು ಕೋರುಗಳಿವೆ.

ಮಿತ್ರನು ಆ ಅಂಗಡಿಗೆ ಮತ್ತೆ ಹೋಗಲಿಲ್ಲ. 240 ಜಿ.ಬಿ.ಯ ಒಂದು ಎಸ್.ಎಸ್.ಡಿ., ಹಳೆಯದೇ ಆದ ಇನ್ನೊಂದು 4 ಜಿ.ಬಿ. ರ್‍ಯಾಮ್ ಪಟ್ಟಿ, ಒಂದು ಸಣ್ಣ ಕೊಳವೆ ಲೇಪ, ಇಷ್ಟನ್ನು ಬೇರೆ ಕಡೆಯಿಂದ ತರಿಸಿಕೊಂಡೆವು. ಒಂಬತ್ತು ಸಾವಿರದ ಅರ್ಧವೂ ಆಗಲಿಲ್ಲ. ಕೂಡಿಸುವಾಗ ಒಂದು ತಿರುಪು ಕೈತಪ್ಪಿ ಎಲ್ಲಿಗೋ ಹೋಯಿತು. ಈಗಲೂ ಯಂತ್ರದ ಎಡಮೂಲೆ ಒತ್ತಿದರೆ ಕಿರ್ರೆನ್ನುತ್ತದೆ. ಲಿನಕ್ಸನ್ನು ಹಾಕಿದ್ದೇವೆ, ಕನ್ನಡದ ಕೀಲಿಮಣೆಯನ್ನು ಹೊಂದಿಸಲು ಒಂದು ಸಂಜೆ ಪೂರ್ತಿ ಹಿಡಿಯಿತು. ಗುಂಡಿಯನ್ನೊತ್ತಿ ಟವೆಲ್ಲು ಹುಡುಕುವಷ್ಟರಲ್ಲಿ ಪರದೆ ಬೆಳಗುತ್ತದೆ. ಪ್ರೊಸೆಸರು ಅದೇ ಐ5-4300ಯು. ಈ ಲೇಖನವನ್ನು ಬೆರಳಚ್ಚು ಮಾಡಿದ್ದೂ ಅದರಲ್ಲಿಯೇ.